ಗೌರಮ್ಮ ಕಳೆದುಹೋದವಳೇ?

ಮಗಳನ್ನು ಹೊರದೇಶಕ್ಕೆ ಮದುವೆ ಮಾಡಿಕೊಟ್ಟ ಮನೆಗಳು ದೊಡ್ಡನೆಕ್ಕುಂದಿಯ ನಮ್ಮ ಬೀದಿಯಲ್ಲೂ ಇವೆ. ಸಂಜೆಯಾದರೆ ತಾಯಂದಿರು ಫೋನಿಗೆ ಅಂಟಿಕೊಳ್ಳುತ್ತಾರೆ. ಇಲ್ಲಿ ಕುಳಿತು ಸಿ. ಪಿ. ಬೆಳ್ಳಿಯಪ್ಪನವರು 2010ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ವಿಕ್ಟೋರಿಯಾ ಗೌರಮ್ಮನ ಚರಿತ್ರೆಯನ್ನು ಮತ್ತೆ ಓದಿದೆವು. ಲೇಖಕರ ಶ್ರಮ ದೊಡ್ಡದು. ನಮ್ಮ ತಕರಾರು ಶೀರ್ಷಿಕೆಯ ಒಂದು ಪದದ ಮೇಲೆ ಮಾತ್ರ: 'ಕಳೆದುಹೋದ' ರಾಜಕುಮಾರಿ.

ಕಳೆದುಹೋದದ್ದನ್ನು ಯಾರಾದರೂ ಹುಡುಕುತ್ತಾರೆ. ಈಕೆಯನ್ನು ಕೈಯಿಂದ ಕೈಗೆ ಒಪ್ಪಿಸಲಾಯಿತು. ಮಾಸ್ತಿಯವರ ಕಾದಂಬರಿಯಿಂದ ನಮಗೆ ಪರಿಚಿತನಾದ ಚಿಕ್ಕವೀರರಾಜೇಂದ್ರ, ಕಂಪೆನಿಯಿಂದ ತನ್ನ ಹಣ ವಸೂಲು ಮಾಡಲು 1852ರಲ್ಲಿ ಲಂಡನ್ನಿಗೆ ಹೋದಾಗ, ಹನ್ನೊಂದರ ಆಸುಪಾಸಿನ ಮಗಳನ್ನು ವಿಕ್ಟೋರಿಯಾ ರಾಣಿಗೆ ಒಪ್ಪಿಸಿದ. ದೀಕ್ಷಾಸ್ನಾನವಾಯಿತು, ರಾಣಿಯ ಹೆಸರೇ ಬಂತು. ಪಂಜಾಬಿನ ದುಲೀಪ್ ಸಿಂಗನಿಗೆ ಕೊಡುವ ರಾಣಿಯ ಆಸೆ ಈಡೇರಲಿಲ್ಲ, ಅವನೇ ಒಪ್ಪಲಿಲ್ಲ. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಕ್ಯಾಂಪ್‌ಬೆಲ್ಲನ ಮಡದಿಯಾದಳು. 1861ರಲ್ಲಿ ಹೆಣ್ಣುಮಗು. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಸಾವು.

ವಿಂಟರ್‌ಹಾಲ್ಟರ್ ಬರೆದ ಚಿತ್ರದಲ್ಲಿ ಆಕೆಯ ಮೈಮೇಲೆ ಭಾರತೀಯ ಉಡುಗೆ, ಆಭರಣ, ಕೈಯಲ್ಲಿ ಬೈಬಲ್. ಉಡುಗೆ ತಂದೆಯ ಮನೆಯದು, ಗ್ರಂಥ ರಾಣಿಯ ಮನೆಯದು. ಆಕೆಯದೇ ಆದದ್ದು ಮುಖವೊಂದೇ ಎಂದು ನಮಗೆ ಅನ್ನಿಸಿತು.

1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಅರಸನ ದೇಹ ಮುಂದೆ ಕಾಶಿಗೆ ಮರಳಿತು. ಗೌರಮ್ಮ ಬ್ರಾಂಪ್ಟನ್ ಸ್ಮಶಾನದಲ್ಲೇ ಉಳಿದಳು.