ರಕ್ತದ ಹೆಸರಿನ ಇನಾಮು

ಕಳೆದ ವರ್ಷ ಒಂದು ಶನಿವಾರ ರಾತ್ರಿ ಊರಿನ ಕೊನೇ ಬಸ್ಸು ತಪ್ಪಿ, ಬೆಂಗಳೂರಿನಲ್ಲಿ ತಂಗಿಯ ಮಗನ ರೂಮಿನಲ್ಲಿ ಉಳಿಯಬೇಕಾಯಿತು. ನಾಲ್ಕು ಜನ ಹುಡುಗರು, ನಾಲ್ವರೂ ಕಂಪ್ಯೂಟರ್ ಕೆಲಸದವರು. ಊಟ ಆದಮೇಲೆ ಶುರುವಾದ ಅವರ ಮಾತು ಹನ್ನೆರಡಾದರೂ ಮುಗಿಯಲಿಲ್ಲ. "ಸಿಸ್ಟಮ್ ಅಂದ್ಮೇಲೆ ರೂಲ್ಸ್ ಇರ್ಬೇಕು ಕಣೋ" ಎಂದು ಒಬ್ಬ. "ಕಾಸ್ಟ್ ಇಲ್ದೆ ಪವರ್ ಇರಲ್ಲ" ಎಂದು ಇನ್ನೊಬ್ಬ. ಚಾಪೆಯ ಮೇಲೆ ಮಲಗಿದ್ದವನು ಎದ್ದು ಕೂತೆ. ಈ ಹುಡುಗರು ಜಾತಿ ಬಗ್ಗೆ ಇಷ್ಟು ಬಿಚ್ಚಿ ಮಾತಾಡ್ತಾವಲ್ಲ ಎಂದು ಆಶ್ಚರ್ಯ. ತಂಗಿಯ ಮಗ ನಕ್ಕ. "ಮಾವ, ಆ ಕಾಸ್ಟ್ ಅಲ್ಲ. ಬೆಲೆ, ಬೆಲೆ. ನಾವು ಮ್ಯಾಜಿಕ್ ಸಿಸ್ಟಮ್ ಬಗ್ಗೆ ಮಾತಾಡ್ತಿದೀವಿ."

ಅಮೆರಿಕದ ಬ್ರಾಂಡನ್ ಸ್ಯಾಂಡರ್ಸನ್ ಎಂಬ ಲೇಖಕನ 'ಮಿಸ್ಟ್‌ಬಾರ್ನ್' ಕಾದಂಬರಿ ಮಾಲೆಯ ಚರ್ಚೆ ಅದು. ಯಾವ ಲೋಹ ನುಂಗಿದರೆ ಯಾವ ಶಕ್ತಿ, ಎರಡು ಶಕ್ತಿ ಎದುರಾದರೆ ಯಾರು ಗೆಲ್ಲುತ್ತಾರೆ ಎಂದು ಕಾನೂನು ಪಂಡಿತರಂತೆ ವಾದಿಸುತ್ತಿದ್ದರು. ನನ್ನ ಅಳಿಯನದೇ ದೊಡ್ಡ ಗಂಟಲು. ನಡುವೆ ಒಬ್ಬ ಹೇಳಿದ: "ಸ್ಕಾಗಳ ಹತ್ರ ಆ ಪವರ್ರೇ ಇಲ್ಲ. ನೋಬಲ್ಸ್ ರಕ್ತದಲ್ಲಿದೆ, ಅವರು ಆಳ್ತಾರೆ. ಆ ಪ್ರಪಂಚದ ಲಾಜಿಕ್ಕೇ ಅದು. ಅದ್ರಲ್ಲಿ ಅನ್ಯಾಯ ಏನ್ ಬಂತು?" ಅಳಿಯ ಆ ಮಾತಿಗೆ ಉತ್ತರ ಕೊಡಲಿಲ್ಲ. ಟೀ ಮಾಡ್ತೀನಿ ಅಂತ ಎದ್ದು ಹೋದ. ಆ ರೂಮಿನಲ್ಲಿ ಅವನ ಜಾತಿ ಯಾರಿಗೂ ಗೊತ್ತಿಲ್ಲ, ಅಥವಾ ಗೊತ್ತಿಲ್ಲವೆಂದು ಅವನು ನಂಬಿದ್ದಾನೆ.

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಇಂಗ್ಲಿಷಿನ ಮಾಯಾಲೋಕದ ಕಾದಂಬರಿಗೇನು ಕೆಲಸ ಎಂದು ಕೇಳುವವರಿಗೆ ಆ ಟೀಯೇ ನನ್ನ ಉತ್ತರ. ಕನ್ನಡದಲ್ಲಿ ಸಿಸ್ಟಮ್ ಅಂದರೆ ವ್ಯವಸ್ಥೆ. ಚಳವಳಿಯಲ್ಲಿ ಬೆಳೆದ ನನ್ನಂಥವನಿಗೆ 'ಜಾತಿ' ಎಂಬ ಮುಂಪದವಿಲ್ಲದೆ ಈ ಶಬ್ದ ಕೇಳಿದ ನೆನಪೇ ಇಲ್ಲ. ಮಾಯೆಗೂ ಒಂದು ವ್ಯವಸ್ಥೆ ಇದೆ ಎಂದಮೇಲೆ ಅದನ್ನು ಓದಲೇಬೇಕೆನಿಸಿತು. ಅಳಿಯನ ಹತ್ತಿರವೇ ಪುಸ್ತಕ ಇಸಕೊಂಡೆ. ಮೊದಲ ಮೂರು ಸಂಪುಟಗಳು 2006ರಿಂದ 2008ರೊಳಗೆ ಬಂದಂಥವು.

ಕಥೆ ಹೀಗಿದೆ. ಸಾವಿರ ವರ್ಷದಿಂದ ಲಾರ್ಡ್ ರೂಲರ್ ಎಂಬ ಸಾವಿಲ್ಲದ ಚಕ್ರವರ್ತಿಯ ಆಳ್ವಿಕೆ. ಆಕಾಶದಿಂದ ಬೂದಿ ಬೀಳುತ್ತಿರುತ್ತದೆ. ಆ ಬೂದಿಯಲ್ಲಿ ಗೇಯುವವರು ಸ್ಕಾ ಎಂಬ ಜನ, ಅವರನ್ನು ಚಾವಟಿಯಲ್ಲಿ ದುಡಿಸುವವರು ಕುಲೀನರು. ಕುಲೀನರ ರಕ್ತ ಇರುವ ಕೆಲವರಿಗೆ ಮಾತ್ರ ಅಲೊಮ್ಯಾನ್ಸಿ ಎಂಬ ವಿದ್ಯೆ ಸಿದ್ಧಿಸುತ್ತದೆ. ಲೋಹದ ಪುಡಿ ನುಂಗಿ ಹೊಟ್ಟೆಯಲ್ಲಿ 'ಉರಿಸಿದರೆ' ಕಬ್ಬಿಣ ಲೋಹಗಳನ್ನು ಎಳೆಯುತ್ತದೆ, ಉಕ್ಕು ತಳ್ಳುತ್ತದೆ, ತವರ ಇಂದ್ರಿಯಗಳನ್ನು ಚುರುಕು ಮಾಡುತ್ತದೆ. ಕುಲೀನ ಗಂಡಸು ಸ್ಕಾ ಹೆಂಗಸಿನ ಮೇಲೆ ಕೈ ಹಾಕಬಹುದು, ಆದರೆ ಬೆರಕೆ ಮಗು ಹುಟ್ಟಬಾರದು. ಆದ್ದರಿಂದ ಆ ಹೆಂಗಸನ್ನು ಕೊಲ್ಲಬೇಕೆಂದು ಕಾಯ್ದೆ. ಮನುಧರ್ಮಶಾಸ್ತ್ರದ ಸಂಕರದ ಭಯ ನೆನಪಾಗದೆ ಇರಲು ಸಾಧ್ಯವೇ?

ಕಾದಂಬರಿ ಕೆಟ್ಟದ್ದಲ್ಲ. ದುಡಿಯುವವರ ಪರವಾಗಿಯೇ ಇದೆ. ನನ್ನ ತಕರಾರು ಇರುವುದು ಅದನ್ನು ಪ್ರೀತಿಸುವ ಅಭಿಮಾನಿಗಳ ಓದಿನ ಕ್ರಮದ ಬಗ್ಗೆ. ಆ ಕ್ರಮಕ್ಕೆ ಲೇಖಕನೇ ತಳಹದಿ ಹಾಕಿಕೊಟ್ಟಿದ್ದಾನೆ. 2007ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಆತ ತನ್ನ 'ಮೊದಲ ನಿಯಮ' ಮಂಡಿಸಿದ: ಮಾಯೆಯಿಂದ ಕಥೆಯ ಬಿಕ್ಕಟ್ಟು ಬಿಡಿಸಬೇಕಾದರೆ ಆ ಮಾಯೆಯ ನಿಯಮ ಓದುಗನಿಗೆ ಅಷ್ಟರಮಟ್ಟಿಗೆ ತಿಳಿದಿರಬೇಕು. ಶಕ್ತಿಗಿಂತ ಅದರ ಮಿತಿ ಮುಖ್ಯ ಎಂಬುದು ಎರಡನೆಯ ನಿಯಮ. ಹೀಗೆ ನಿಯಮ ಬಿಗಿಯಾಗಿದ್ದರೆ ಅಭಿಮಾನಿಗಳ ಬಾಯಲ್ಲಿ 'ಹಾರ್ಡ್', ಟೋಲ್ಕಿನ್‌ನಂತೆ ಮಸುಕಾಗಿದ್ದರೆ 'ಸಾಫ್ಟ್'. ಇದರಿಂದ ಒಂದು ಬಗೆಯ ಓದುಗ ಹುಟ್ಟಿಕೊಂಡ. ಅವನು ನಿಯಮದೊಳಗೆ ಲೋಪ ಹುಡುಕುತ್ತಾನೆ, ಒಂದು ಕಡೆ ಹೇಳಿದ್ದು ಇನ್ನೊಂದು ಕಡೆ ತಪ್ಪಿದರೆ ಜಗಳಕ್ಕೆ ನಿಲ್ಲುತ್ತಾನೆ. ಆದರೆ ನಿಯಮ ಯಾರದು ಎಂದು ಕೇಳುವುದಿಲ್ಲ. ಮೀಮಾಂಸಕರ ಹತ್ತಿರ ಹೋಗಿ ಕೂತಂತಾಯಿತು ನನಗೆ.

ನಮಗೇನು ಇದು ಹೊಸದೇ? ತಪಸ್ಸು ಮಾಡಿದರೆ ಶಕ್ತಿ ಬರುತ್ತದೆ ಎಂಬ ನಿಯಮಕ್ಕೆ, ಶೂದ್ರ ಮಾಡಿದರೆ ಬ್ರಾಹ್ಮಣನ ಮಗು ಸಾಯುತ್ತದೆ ಎಂಬ ಷರತ್ತನ್ನು ರಾಮಾಯಣದ ಉತ್ತರಕಾಂಡ ಸೇರಿಸಿತು. ಕರ್ಣನಿಗೆ ಬ್ರಹ್ಮಾಸ್ತ್ರ ಕಲಿಯುವ ಯೋಗ್ಯತೆ ಇತ್ತು, ಕಲಿತೂ ಇದ್ದ. ಬ್ರಾಹ್ಮಣನೆಂದು ಸುಳ್ಳು ಹೇಳಿದ್ದಕ್ಕೆ ಬೇಕಾದ ಹೊತ್ತಿನಲ್ಲಿ ಮರೆತುಹೋಗಲಿ ಎಂಬ ಶಾಪ. ಇವನ್ನು 'ಮ್ಯಾಜಿಕ್ ಸಿಸ್ಟಮ್' ಎಂದು ಓದಿದರೆ ಬಹಳ ಅಚ್ಚುಕಟ್ಟಾದ ವ್ಯವಸ್ಥೆಗಳು. ಕುವೆಂಪು 1944ರ 'ಶೂದ್ರ ತಪಸ್ವಿ'ಯಲ್ಲಿ ಮಾಡಿದ್ದು ನಿಯಮದ ಸಣ್ಣ ತಿದ್ದುಪಡಿಯಲ್ಲ. ಅಸ್ತ್ರವೇ ಯಾರ ಕಡೆ ತಿರುಗಬೇಕು ಎಂಬುದನ್ನು ಬದಲಾಯಿಸಿದರು. ಆಗ ಆದ ಗದ್ದಲಕ್ಕೆ ಕಾರಣ ಅದೇ.

ಇನ್ನು ಆ ರಾತ್ರಿಯ ಮಾತಿಗೆ ಬರುತ್ತೇನೆ. ಶಕ್ತಿ ಕುಲೀನರ ರಕ್ತದಲ್ಲಿದೆ, ಅದಕ್ಕೇ ಆಳುತ್ತಾರೆ ಎಂದ ಹುಡುಗ ಪುಸ್ತಕವನ್ನು ಚೆನ್ನಾಗಿಯೇ ಓದಿದ್ದಾನೆ. ಆದರೆ ಅದೇ ಮಾಲೆಯಲ್ಲಿ ಬೇರೆ ಸಂಗತಿ ಇದೆ. ಲಾರ್ಡ್ ರೂಲರ್ ಮೂಲತಃ ಹೊರೆ ಹೊರುವ ಕೂಲಿ, ರಶೆಕ್ ಎಂಬವನು. ದೈವಶಕ್ತಿ ಕೈಗೆ ಬಂದ ಗಳಿಗೆಯಲ್ಲಿ ಲೆರಾಸಿಯಮ್ ಎಂಬ ಲೋಹದ ಮಣಿಗಳು ಅವನಿಗೆ ಸಿಕ್ಕವು. ಅವನ್ನು ತನ್ನ ಜೊತೆ ನಿಂತ ಕೆಲವರಿಗೆ ಹಂಚಿದ. ನುಂಗಿದವರಿಗೆ ಶಕ್ತಿ ಬಂತು, ಅವರ ಸಂತಾನಕ್ಕೆ ಹರಿಯಿತು. ಅಂದರೆ ಕುಲೀನರ ರಕ್ತದ ಗುಣ ಎನ್ನುವುದು ಒಂದಾನೊಂದು ದಿನ ದೊರೆ ತನ್ನ ಕಡೆಯವರಿಗೆ ಕೊಟ್ಟ ಇನಾಮು! ನಿಷ್ಠೆಗೆ ಸಂದ ಜಹಗೀರು. ಸಾವಿರ ವರ್ಷದಲ್ಲಿ ಸನದು ಕಳೆದುಹೋಗಿ ರಕ್ತ ಎಂಬ ಹೆಸರಷ್ಟೇ ಉಳಿದಿದೆ. ಅಭಿಮಾನಿಗಳಿಗೆ ಈ ಮಣಿಗಳ ವಿಷಯ ಬಾಯಿಪಾಠ. ಮಣಿಯ ಬಲ ಎಷ್ಟು, ಪೀಳಿಗೆಯಿಂದ ಪೀಳಿಗೆಗೆ ಎಷ್ಟು ಕುಗ್ಗಿತು ಎಂದು ಲೆಕ್ಕ ಹಾಕುತ್ತಾರೆ. ಅದು ಇನಾಮು ಎಂದು ಮಾತ್ರ ಓದುವುದಿಲ್ಲ.

ನಮ್ಮ ತಾತನಿಗೂ ಒಂದು ಇನಾಂತಿ ಇತ್ತು, ತೋಟಿ ಕೆಲಸದ್ದು. ಊರಿನ ಸತ್ತ ದನ ಎಳೆಯುವುದಕ್ಕೆ, ಸಾವಿನ ಸುದ್ದಿ ಹೊರುವುದಕ್ಕೆ ಕೊಟ್ಟ ತುಂಡು ಭೂಮಿ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದು ಆ ಹುದ್ದೆ ಕಾಗದದ ಮೇಲಾದರೂ ಹೋಯಿತು. ಇನಾಮಾದರೆ ರದ್ದು ಮಾಡಬಹುದು. ರಕ್ತ ಎಂದುಬಿಟ್ಟರೆ ಅದಕ್ಕೆ ರದ್ದಿಯಾತಿ ಕಾಯ್ದೆ ಎಲ್ಲಿಂದ ತರೋಣ? ಕೊಟ್ಟದ್ದನ್ನು ಹುಟ್ಟಿದ್ದು ಎಂದು ಹೆಸರಿಸುವ ಹುನ್ನಾರ ಇರುವುದೇ ಇಲ್ಲಿ.

ಹಾಗಂತ ಲೇಖಕನನ್ನು ಸುಮ್ಮನೆ ಬಿಡುವಂತಿಲ್ಲ. ಮೂರನೆಯ ಸಂಪುಟದಲ್ಲಿ ಅವನು ಇನ್ನೊಂದು ಹೆಜ್ಜೆ ಇಡುತ್ತಾನೆ. ರಶೆಕ್ ಮನುಷ್ಯರ ದೇಹವನ್ನೇ ತಿದ್ದಿದನಂತೆ. ಕುಲೀನರು ಎತ್ತರದವರು, ಬುದ್ಧಿವಂತರು. ಸ್ಕಾಗಳು ಗಿಡ್ಡ, ಗಟ್ಟಿ, ಹೆಚ್ಚು ಹೆರುವವರು. ಕಾಲಾನಂತರ ಬೆರೆತು ಈ ಭೇದ ಅಳಿಸಿತು ಎಂಬ ಸಮಾಧಾನವೂ ಇದೆ. ಆದರೂ ಒಮ್ಮೆ ನಿಜವಿತ್ತಲ್ಲ! ಜಾತಿಗೂ ಜನಾಂಗಕ್ಕೂ ಸಂಬಂಧವಿಲ್ಲ, ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಒಂದೇ ಜನಾಂಗ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ವಾದಿಸಬೇಕಾಯಿತು. ಅದನ್ನು ಓದಿದವನಿಗೆ ಈ ಕಲ್ಪನೆ ಸರಾಗವಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ಇನ್ನೊಂದು ತೊಡಕು. ಶಕ್ತಿ ಕುಲೀನ ರಕ್ತದಲ್ಲೇ ಇರಬೇಕೆಂಬ ನಿಯಮ ಇಟ್ಟ ಮೇಲೆ ಸ್ಕಾಗಳ ಬಂಡಾಯಕ್ಕೆ ನಾಯಕರು ಎಲ್ಲಿಂದ ಬರಬೇಕು? ಕೆಲ್ಸಿಯರ್ ಬೆರಕೆ, ವಿನ್ ಎಂಬ ಹುಡುಗಿಯೂ ಬೆರಕೆ. ಇಬ್ಬರಿಗೂ ತಂದೆ ಕುಲೀನ. ಚಕ್ರವರ್ತಿ ಸತ್ತ ಮೇಲೆ ಸಿಂಹಾಸನಕ್ಕೆ ಬರುವವನು ಎಲೆಂಡ್, ಪುಸ್ತಕ ಓದುವ ಒಳ್ಳೆಯ ಕುಲೀನ! ಕೊನೆಯ ಸಂಪುಟದಲ್ಲಿ ಮಂಜು ತಾಕಿ 100ಕ್ಕೆ 16 ಮಂದಿ ಕಾಯಿಲೆ ಬೀಳುತ್ತಾರೆ, ಅವರಲ್ಲಿ ಅಡಗಿದ್ದ ಶಕ್ತಿ ಎಚ್ಚರವಾಗುತ್ತದೆ, ಸಾಮಾನ್ಯ ಸಿಪಾಯಿಗಳೂ ಅದರಲ್ಲಿದ್ದಾರೆ. ಅದು ನನಗೆ ಇಡೀ ಮಾಲೆಯಲ್ಲಿ ಹಿಡಿಸಿದ ಭಾಗ. ಅಭಿಮಾನಿಗಳಿಗೆ ಅಲ್ಲಿ 16 ಎಂಬ ಅಂಕೆಯ ಗುಟ್ಟು ಮುಖ್ಯ.

ಹಿತ್ತಾಳೆಯ ವಿಷಯ ಹೇಳಬೇಕು. ಹಿತ್ತಾಳೆ ಉರಿಸುವವನು ಎದುರಿನವರ ಭಾವನೆಯನ್ನು ತಣ್ಣಗೆ ಮಾಡಬಲ್ಲ. ರಾಜಧಾನಿಯ ಸ್ಕಾ ಕೇರಿಗಳಲ್ಲಿ ಸರ್ಕಾರದ ಪುರೋಹಿತಶಾಹಿ ಅಂಥವರನ್ನು ಗುಟ್ಟಾಗಿ ಕೂರಿಸಿದೆ. ಜನ ಸದಾ ಸೋತ ಮನಸ್ಸಿನಲ್ಲಿರಬೇಕು, ಸಿಟ್ಟು ಬರಬಾರದು. ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ರೂಪಕವನ್ನು ನಾನು ಇತ್ತೀಚೆಗೆ ಓದಿಲ್ಲ. ತಾಮ್ರ ಉರಿಸುವವನಿಗೆ ಈ ಮಂಕು ತಾಕುವುದಿಲ್ಲವಂತೆ. ನಮ್ಮ ಕೇರಿಗೆ ಆ ತಾಮ್ರ ಬಂದದ್ದು 1973ರ ಬೂಸಾ ಗಲಾಟೆಯ ನಂತರ, ತಮಟೆಯ ಜೊತೆ, 'ಹೊಲೆಮಾದಿಗರ ಹಾಡು' ಕಾಲದಲ್ಲಿ. ಹುಡುಗರು ಆ ರಾತ್ರಿ ಚರ್ಚಿಸಿದ್ದು ಹಿತ್ತಾಳೆಯ ಪ್ರಭಾವ ಎಷ್ಟು ದೂರ ಮುಟ್ಟುತ್ತದೆ ಎಂದು.

ಹಾಗೇ, ಶಕ್ತಿ ರಕ್ತದಲ್ಲಿದ್ದರೂ ಅದು ತೆರೆದುಕೊಳ್ಳಲು ದೊಡ್ಡ ಆಘಾತ ಬೇಕು. ಕುಲೀನರು ಅದಕ್ಕಾಗಿ ತಮ್ಮ ಮಕ್ಕಳನ್ನೇ ಹೊಡೆಸುತ್ತಾರೆ. ಸ್ಯಾಂಡರ್ಸನ್‌ನ ಇನ್ನೊಂದು ಮಾಲೆ 'ಸ್ಟಾರ್ಮ್‌ಲೈಟ್ ಆರ್ಕೈವ್'ನಲ್ಲಿ (ಮೊದಲ ಸಂಪುಟ 2010, ಐದನೆಯದು 2024) ಒಳಗೆ ಮುರಿದವರಿಗೇ ಶಕ್ತಿ ಒಲಿಯುತ್ತದೆ. ಮುರಿದಿರಲೇಬೇಕೇ ಎಂದು ಅಭಿಮಾನಿಗಳಲ್ಲಿ ಬಿಸಿ ಬಿಸಿ ವಾದವಿದೆ. ಇದು ನನ್ನನ್ನು ತಡೆದು ನಿಲ್ಲಿಸಿತು, ಯಾಕೆಂದರೆ ಕನ್ನಡದ ಸಹೃದಯರೂ ದಲಿತ ಬರಹದಿಂದ ಕೇಳಿದ್ದು ಇದನ್ನೇ. ನೋವಿದ್ದರೆ ಲೇಖಕ, ಇಲ್ಲದಿದ್ದರೆ ಅನುಕರಣೆ. ನಮ್ಮ ಹುಡುಗ ಪ್ರೇಮಕವಿತೆ ಬರೆದರೆ ಮುಖ ತಿರುಗಿಸುತ್ತಾರೆ. ಗಾಯ ತೋರಿಸಿದರೆ ಮಾತ್ರ ಒಳಗೆ ಪ್ರವೇಶ. ಅವ್ವನ ನೋವು ಅವ್ವನದು, ಅದು ಯಾರ ಮಾಯೆಗೂ ಎಣ್ಣೆಯಲ್ಲ.

ಈ ಎರಡನೆಯ ಮಾಲೆಯಲ್ಲಿ ಶ್ರೇಣಿ ಕಣ್ಣಿನ ಬಣ್ಣದ್ದು. ತಿಳಿಗಣ್ಣಿನವರಲ್ಲಿ ಹತ್ತು ಮೆಟ್ಟಿಲು, ಕಪ್ಪುಗಣ್ಣಿನವರಲ್ಲಿ ಹತ್ತು ಮೆಟ್ಟಿಲು. ಮೇಲಿನವನಿಗೆ ಕೈ ಮುಗಿದು ಕೆಳಗಿನವನನ್ನು ಒದೆಯುವ ಅವಕಾಶ ಕಪ್ಪುಗಣ್ಣಿನವನಿಗೂ ಇದೆ. ಶ್ರೇಣೀಕೃತ ಅಸಮಾನತೆ ಎಂದು ಬಾಬಾಸಾಹೇಬರು ಕರೆದದ್ದನ್ನು ಇವನು ಎಲ್ಲಿ ಕಂಡನೋ! ಹಣೆಗೆ ಗುಲಾಮನ ಮುದ್ರೆ ಒತ್ತಿಸಿಕೊಂಡ ಕಲಾಡಿನ್‌ಗೆ ಶಕ್ತಿ ಬಂದಾಗ ಕಣ್ಣು ತಿಳಿನೀಲಿಗೆ ತಿರುಗುತ್ತದೆ. ಎಂ. ಎನ್. ಶ್ರೀನಿವಾಸರು ಇದ್ದಿದ್ದರೆ ಸಂಸ್ಕೃತೀಕರಣಕ್ಕೆ ಇನ್ನೊಂದು ಉದಾಹರಣೆ ಬರೆದುಕೊಳ್ಳುತ್ತಿದ್ದರು. ಗೆದ್ದವನ ಕಣ್ಣು ಕಪ್ಪಾಗಿಯೇ ಉಳಿಯಬಾರದೇ?

ಕಪ್ಪು ಅಮೆರಿಕನ್ ಲೇಖಕಿ ಎನ್. ಕೆ. ಜೆಮಿಸಿನ್ 'ಬ್ರೋಕನ್ ಅರ್ಥ್' ಮಾಲೆಯಲ್ಲಿ ಇದನ್ನು ತಲೆಕೆಳಗು ಮಾಡಿದಳು. 2016ರಿಂದ ಸತತ ಮೂರು ವರ್ಷ ಹ್ಯೂಗೋ ಪ್ರಶಸ್ತಿ ಪಡೆದ ಕೃತಿಗಳು. ಅಲ್ಲಿ ಭೂಮಿ ನಡುಗಿಸುವ ಶಕ್ತಿ ಇರುವವರನ್ನೇ ಹೀನರೆಂದು ಸಂಕೋಲೆಗೆ ಹಾಕಿದ್ದಾರೆ. ಎಲ್ಲರ ಹೆಸರಿನೊಳಗೂ ಅವರವರ ಕಸುಬಿನ ಜಾತಿ ಸೇರಿರುತ್ತದೆ. ಓದುತ್ತಾ ನನಗೆ ನಗು ಬಂದದ್ದು ಒಂದೇ ಕಾರಣಕ್ಕೆ. ಪೇಶ್ವೆಗಳ ಕಾಲದ ಪುಣೆಯಲ್ಲಿ ನಮ್ಮವರ ನೆರಳು ಬಿದ್ದರೆ ಮೈಲಿಗೆ. ಬರೀ ನೆರಳಿಗೆ ಅಷ್ಟು ಶಕ್ತಿ! ಯಾವ ಮಿಸ್ಟ್‌ಬಾರ್ನ್‌ಗೂ ಇಲ್ಲದ್ದು.

ಲೋಹದ ಮಾತು ಬಂದದ್ದರಿಂದ ಹೇಳುತ್ತಿದ್ದೇನೆ. ನಮ್ಮ ಕಡೆ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷಕ್ಕೆ ಹಲಗೂರಿನ ಪಾಂಚಾಳರ ಹತ್ತಿರ ಹೋಗುತ್ತಾನೆ. ಅವರು ಕೊಡುವುದಿಲ್ಲ, ಹಿಂಸೆ ಕೊಡುತ್ತಾರೆ. ಅಲ್ಲೂ ನೋವಿದೆ, ಪವಾಡವಿದೆ. ಆದರೆ ಕಬ್ಬಿಣ ಏನು ಮಾಡುತ್ತದೆ ಎಂಬುದಕ್ಕಿಂತ ಕಬ್ಬಿಣ ಯಾರ ಕೈಯಲ್ಲಿದೆ ಎಂಬುದೇ ಆ ಕಥೆಯ ಜೀವ. ಸ್ಯಾಂಡರ್ಸನ್‌ಗೂ ಇದು ಗೊತ್ತಿಲ್ಲದ್ದಲ್ಲ. ಅವನ ಹಾತ್ಸಿನ್ ಗುಂಡಿಗಳಲ್ಲಿ ಕೈದಿಗಳು ಹರಳಿನ ಸಂದುಗಳಲ್ಲಿ ಕೈ ಗೀರಿಸಿಕೊಂಡು ಏಟಿಯಮ್ ಎಂಬ ಅಪರೂಪದ ಲೋಹ ಹುಡುಕುತ್ತಾರೆ, ಸಿಗದಿದ್ದರೆ ಸಾವು. ಕೋಲಾರದ ಗಣಿಯ ಆಳಕ್ಕೆ ಇಳಿದವರು ಯಾರೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ. ಏಟಿಯಮ್ ಉರಿಸಿದರೆ ಎದುರಾಳಿಯ ಮುಂದಿನ ಚಲನೆ ಕಾಣುತ್ತದೆ ಎಂದು ಆ ರಾತ್ರಿ ಅರ್ಧ ಗಂಟೆ ಚರ್ಚೆ ನಡೆಯಿತು. ಗುಂಡಿಯ ಸುದ್ದಿ ಯಾರೂ ಎತ್ತಲಿಲ್ಲ.

ಮೂರು ಸಂಪುಟ ಮುಗಿಸಿ ಅಳಿಯನಿಗೆ ಫೋನು ಮಾಡಿದೆ. ಮಣಿಗಳ ವಿಷಯ, ಇನಾಮಿನ ವಿಷಯ ಉತ್ಸಾಹದಿಂದ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಅದು ನಂಗೊತ್ತು ಮಾವ. ಅವತ್ತೂ ಗೊತ್ತಿತ್ತು."

"ಮತ್ತೆ ಅವನಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಾತು ಪುಸ್ತಕದಲ್ಲೇ ನಿಲ್ತಿರ್ಲಿಲ್ಲ. ಆಮೇಲೆ ರಿಸರ್ವೇಶನ್‌ಗೆ ಬರ್ತಿತ್ತು. ನಾನು ಅದೇ ರೂಮಲ್ಲಿ ಮಲಗ್ಬೇಕಲ್ಲ."