ಅರ್ಧಾಯುಷ್ಯಕ್ಕೆ ದಾಳವೇ ಲೇಸು

ವಿಕಿರಣಶೀಲ ಧಾತುವೊಂದರ ಪರಮಾಣುಗಳಲ್ಲಿ ಅರ್ಧದಷ್ಟು ವಿಘಟನೆಗೊಳ್ಳಲು, ಅಂದರೆ ಕಣವನ್ನು ಹೊರಸೂಸಿ ಬೇರೆ ಪರಮಾಣುಗಳಾಗಿ ಮಾರ್ಪಡಲು, ಹಿಡಿಯುವ ಕಾಲಕ್ಕೆ ಅರ್ಧಾಯುಷ್ಯವೆಂದು ಹೆಸರು. ಇದನ್ನು ತರಗತಿಯಲ್ಲಿ ತೋರಿಸಲು ಸಾಮಾನ್ಯವಾಗಿ ನಾಣ್ಯಗಳನ್ನು ಎಸೆದು, ಸಿಂಹಮುದ್ರೆ ಮೇಲಾಗಿ ಬಿದ್ದವನ್ನು ತೆಗೆದಿಟ್ಟು, ಉಳಿದವನ್ನು ಮತ್ತೆ ಎಸೆಯುತ್ತಾರೆ. ಆದರೆ ಇಲ್ಲಿ ಒಂದು ಎಸೆತವೇ ಒಂದು ಅರ್ಧಾಯುಷ್ಯವಾಗಿಬಿಡುವುದರಿಂದ ವಿದ್ಯಾರ್ಥಿಗೆ ಕಂಡುಹಿಡಿಯಲು ಏನೂ ಉಳಿಯುವುದಿಲ್ಲ.

ದಾಳದ ಸೊಗಸೇ ಬೇರೆ. ಅರವತ್ತು ದಾಳಗಳನ್ನು ತಟ್ಟೆಯಲ್ಲಿ ಕುಲುಕಿ ಹರಡಿ, ಆರು ಬಿದ್ದವನ್ನು ಪ್ರತಿ ಸಲವೂ ತೆಗೆದುಹಾಕುತ್ತ ಹೋದರೆ ಸರಾಸರಿಯಲ್ಲಿ 50, 42, 35, 29 ಉಳಿಯುತ್ತವೆ; ಈ ಸಂಖ್ಯೆಗಳನ್ನು ನಕ್ಷೆಗಿಳಿಸಿ ವಕ್ರರೇಖೆ ಎಳೆದಾಗ ಅರ್ಧಾಯುಷ್ಯ ಸುಮಾರು 3.8 ಎಸೆತಗಳೆಂದು ತಿಳಿಯುತ್ತದೆ. ರೇಡಿಯಂನಿಂದ ಹುಟ್ಟುವ ರೇಡಾನ್-222 ಅನಿಲದ ಅರ್ಧಾಯುಷ್ಯವೂ ಸುಮಾರು 3.8 ದಿನಗಳೇ ಆಗಿರುವುದು ಕಾಕತಾಳೀಯವಾದರೂ ಶಿಕ್ಷಕರಿಗೆ ಒದಗಿದ ಭಾಗ್ಯವೇ ಸರಿ, ಏಕೆಂದರೆ ಒಂದು ಎಸೆತವನ್ನು ಒಂದು ದಿನವೆಂದು ಎಣಿಸಿದರೆ, ಮುಚ್ಚಿಟ್ಟ ಸೀಸೆಯೊಳಗಿನ ರೇಡಾನ್ ದಿನದಿನಕ್ಕೆ ಕುಗ್ಗುವ ಬಗೆಯನ್ನೇ ಆ ತಟ್ಟೆ ತೋರುತ್ತದೆ.

ಮೊದಲ ಎಸೆತದಲ್ಲಿ ಹತ್ತರ ಬದಲು ಏಳೋ ಹದಿಮೂರೋ ಆರುಗಳು ಬಿದ್ದರೆ ಅದು ತಪ್ಪಲ್ಲ, ಅದನ್ನು ತಿದ್ದಲೂಬಾರದು. ವಿಘಟನೆಯು ಸಂಭವನೀಯತೆಗೆ ಒಳಪಟ್ಟಿದ್ದರೆ ಅದರ ವೇಗದಲ್ಲಿ ಇಂತಹ ಏರಿಳಿತ ಇರಲೇಬೇಕೆಂದು ಆಸ್ಟ್ರಿಯಾದ ಭೌತವಿಜ್ಞಾನಿ ಎಗಾನ್ ಫಾನ್ ಶ್ವೈಡ್ಲರ್ 1905ರಲ್ಲೇ ತೋರಿಸಿದ್ದರು. ಹತ್ತು ಎಸೆತಗಳನ್ನು ದಾಟಿ ಉಳಿದ ದಾಳಕ್ಕೆ ಹನ್ನೊಂದನೆಯದರಲ್ಲಿಯೂ ಆರರಲ್ಲಿ ಒಂದೇ ಅವಕಾಶ; ಪರಮಾಣುವಿಗೂ ಹಾಗೆಯೇ ಮುಪ್ಪೆಂಬುದಿಲ್ಲ, ಮತ್ತು ಈ ಇಡೀ ಪಾಠದಲ್ಲಿ ಮಕ್ಕಳ ಮನಸ್ಸಿಗೆ ಇಳಿಯಲು ಅತ್ಯಂತ ಕಷ್ಟವಾದ ಮಾತೂ ಇದೇ.

ದಾಳ ಸಿಗದ ಕಡೆ ಚೌಕಾಬಾರದ ಕವಡೆಗಳನ್ನು ಬಳಸಿ, ಅಂಗಾತ ಬಿದ್ದವನ್ನು ತೆಗೆಯಬಹುದು. ಆದರೆ ಕವಡೆಗಳ ಉಬ್ಬು ಒಂದರಂತೆ ಒಂದಿರದು. ಸುಲಭವಾಗಿ ಅಂಗಾತ ಬೀಳುವವು ಬೇಗನೆ ಹೊರಬಿದ್ದು ಹಟಮಾರಿ ಕವಡೆಗಳೇ ಕೊನೆಗೆ ಉಳಿಯುವುದರಿಂದ ವಕ್ರರೇಖೆಯ ಬಾಲ ನಿಯಮಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಭಿನ್ನ ಅರ್ಧಾಯುಷ್ಯಗಳ ಧಾತುಗಳು ಬೆರೆತ ಮಾದರಿಯಲ್ಲಿ ಕಾಣುವುದೂ ಇಂತಹದೇ ಬಾಲ. ಹೀಗಾಗಿ ಶುದ್ಧ ರೇಡಾನಿಗೆ ದಾಳವನ್ನೂ ಮಿಶ್ರಣಕ್ಕೆ ಕವಡೆಯನ್ನೂ ಹಿಡಿದು, ಎರಡು ನಕ್ಷೆಗಳನ್ನೂ ಒಂದೇ ಹಾಳೆಯ ಮೇಲೆ ಬರೆಸುವುದು ಉಚಿತ.