ಒಂದು ವಿಶೇಷಣದ ಮೇಲಿನ ಬಿನ್ನಹ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ, ಕೆರೆಯ ಏರಿಯ ಬದಿಯಲ್ಲಿಯೋ ಹಾಳುಗುಡಿಯ ಮುಂದೆಯೋ ಅರ್ಧ ಮಣ್ಣಿನಲ್ಲಿ ಹೂತು ನಿಂತ ವೀರಗಲ್ಲುಗಳನ್ನು ಕಂಡವರಿಗೆ ಅವುಗಳ ನಿರೂಪಣಾಕ್ರಮ ಪರಿಚಿತವಾದುದೇ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ಶಿವಸನ್ನಿಧಿ. ಅಕ್ಷರವುಳ್ಳ ಕಲ್ಲಾದರೆ, ಅವನು ಯಾರ ಮಗನು, ಯಾವ ಊರಿನ ತುರುಗಳನ್ನು ಮರಳಿಸಲು ಹೋರಿ ಮಡಿದನು, ಅದಕ್ಕಾಗಿ ಅವನ ಮನೆಯವರಿಗೆ ಎಷ್ಟು ನೆಲವನ್ನು ಬಿಟ್ಟುಕೊಟ್ಟರು ಎಂಬುದನ್ನೂ ಹೇಳುವುದುಂಟು. ಆ ಕಲ್ಲು ವೀರನನ್ನು ಹೊಗಳುವುದಕ್ಕೆ ಮೊದಲು ಅವನು ಮಾಡಿದ್ದೇನೆಂಬುದನ್ನು ಹೇಳುತ್ತದೆ. ಅದರಿಂದಲೇ ಅದರ ಹೊಗಳಿಕೆಯನ್ನು ನಾವು ನಂಬುತ್ತೇವೆ.

ಇಂದು ಸೈನ್ಯದಿಂದ ಊರಿಗೆ ಹಿಂತಿರುಗುವ ಸಿಪಾಯಿಯ ಕೈಯಲ್ಲಿರುವುದು ಡಿಸ್ಚಾರ್ಜ್ ಬುಕ್ಕು. ಸೇರಿದ ದಿನ, ಬಿಟ್ಟ ದಿನ, ಪದಕಗಳಿದ್ದರೆ ಪದಕಗಳು, ಬಿಡುಗಡೆಯ ಕಾರಣ, ಇಷ್ಟನ್ನು ದಾಖಲಿಸಿದ ಮೇಲೆ ಅದು ಆ ಮನುಷ್ಯನ ನಡತೆಯನ್ನು ಒಂದೇ ವಿಶೇಷಣದಲ್ಲಿ ಅಳೆದು ಮುಗಿಸುತ್ತದೆ. ಆದರ್ಶಪ್ರಾಯ, ಬಹಳ ಒಳ್ಳೆಯದು, ಒಳ್ಳೆಯದು ಎಂದು ಇಳಿಯುತ್ತ ಹೋಗುವ ಈ ಸೋಪಾನದಲ್ಲಿ ‘ಒಳ್ಳೆಯದು’ ಎಂಬುದು ಅಷ್ಟೇನೂ ಒಳ್ಳೆಯದಲ್ಲವೆಂಬ ಗುಟ್ಟು ಕೆಲಸ ಕೊಡುವವನಿಗೂ ಗೊತ್ತು, ಬೇಡುವವನಿಗೂ ಗೊತ್ತು. ಕಾವ್ಯವೊಂದನ್ನು ಕುರಿತು ‘ಸಾಧಾರಣ’ ಎಂದಷ್ಟೇ ಬರೆದು, ಯಾವ ಪದ್ಯ ಏಕೆ ಸೋತಿತೆಂಬುದನ್ನು ತಿಳಿಸದೆ ಲೇಖನಿಯನ್ನು ಕೆಳಗಿಟ್ಟವನನ್ನು ನಾವು ವಿಮರ್ಶಕನೆಂದು ಕರೆಯುವುದಿಲ್ಲ. ಡಿಸ್ಚಾರ್ಜ್ ಬುಕ್ಕು ಮನುಷ್ಯನೊಬ್ಬನ ತಾರುಣ್ಯದ ಮೇಲೆ ಬರೆದ ಇಂಥ ವಿಮರ್ಶೆ. ಅದನ್ನು ತಿದ್ದಿಕೊಡಬೇಕೆಂದು ಮಾಜಿ ಸೈನಿಕನು ಬರೆದುಕೊಳ್ಳುವ ಅರ್ಜಿಯು ಆ ವಿಮರ್ಶೆಯ ವಿಮರ್ಶೆ. ಈ ಅರ್ಜಿಯನ್ನು ಒಂದು ಬರೆಹದ ಪ್ರಕಾರವೆಂದೇ ಎಣಿಸಿ, ಅದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ತನ್ನ ಕಾಲಿಗೆ ತಾನೇ ತೊಡರಿಕೊಳ್ಳುತ್ತದೆ ಎಂಬುದನ್ನು ನೋಡುವುದು ನನ್ನ ಉದ್ದೇಶ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಬ್ಬನನ್ನು ಕಲ್ಪಿಸಿಕೊಳ್ಳೋಣ. ಗುಂಡ್ಲುಪೇಟೆಯ ಆಚೆ, ಹಂಗಳದ ಕಡೆಯವನೆನ್ನಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಭರ್ತಿಯಾದವನು. ಒಮ್ಮೆ ತಂದೆಯ ಕಾಯಿಲೆಯೆಂದು, ಒಮ್ಮೆ ಮಳೆ ಹಿಂದುಮುಂದಾಗಿ ರಾಗಿಯ ಕೊಯ್ಲು ತಡವಾಯಿತೆಂದು, ಇನ್ನೊಮ್ಮೆ ಹೆಂಡತಿಯ ಹೆರಿಗೆಯೆಂದು ರಜೆಯನ್ನು ಮೀರಿ ಊರಿನಲ್ಲಿ ಉಳಿದವನು. ನಾಲ್ಕನೆಯ ಸಲದ ಕಾರಣ ಮಾತ್ರ, ಮುಚ್ಚಿಡುವುದೇಕೆ, ಕುಡಿತ. ರಜೆ ಮೀರುವುದು 1950ರ ಸೈನ್ಯ ಅಧಿನಿಯಮದ 39ನೆಯ ಪ್ರಕರಣದಂತೆ ಅಪರಾಧ. ಕಮಾಂಡಿಂಗ್ ಆಫೀಸರನು ಕೋರ್ಟ್ ಮಾರ್ಷಲ್ ಇಲ್ಲದೆ, ತನ್ನ ಮೇಜಿನ ಮುಂದೆಯೇ ವಿಚಾರಿಸಿ, 28 ದಿನಗಳವರೆಗಿನ ಸೆರೆಯನ್ನು ವಿಧಿಸಬಲ್ಲನು. ಇಂಥ ಭಾರಿ ಶಿಕ್ಷೆಗಳು ಸಿಪಾಯಿಯ ಹಾಳೆಯಲ್ಲಿ ಕೆಂಪು ಶಾಯಿಯಿಂದ ದಾಖಲಾಗುತ್ತವೆ. ಅಂಥ ರೆಡ್ ಇಂಕ್ ಎಂಟ್ರಿ ನಾಲ್ಕಾದರೆ ಅವನನ್ನು ‘ಅನಪೇಕ್ಷಿತ’ನೆಂದು ಎಣಿಸಿ, 1954ರ ಸೈನ್ಯ ನಿಯಮಾವಳಿಯ 13ನೆಯ ನಿಯಮದಡಿಯಲ್ಲಿ, ಸೇವೆ ಇನ್ನು ಬೇಕಿಲ್ಲವೆಂದು ಮನೆಗೆ ಕಳುಹಿಸುವುದು ರೂಢಿ. ಸಿಪಾಯಿಗೆ ಪೆನ್ಷನ್ ಬರಲು 15 ವರ್ಷದ ಸೇವೆ ಬೇಕು; ನಮ್ಮವನಿಗೆ ಆಗಿದ್ದುದು 13. ಊರಿನವರು ಅವನನ್ನು ಇಂದಿಗೂ ‘ಮಿಲ್ಟ್ರಿಯೋರೆ’ ಎಂದೇ ಕರೆಯುತ್ತಾರೆ. ದುರ್ನಡತೆಗಾಗಿ ಕಳುಹಿಸಲ್ಪಟ್ಟವನನ್ನು ಸರ್ಕಾರದ ವ್ಯಾಖ್ಯೆಯು ಮಾಜಿ ಸೈನಿಕರ ಸಾಲಿನಿಂದಲೇ ಹೊರಗಿಟ್ಟಿರುವುದರಿಂದ, ಕ್ಯಾಂಟೀನಿನ ಕಾರ್ಡಿಗೂ ಮೀಸಲು ನೌಕರಿಗೂ ಎರವಾದ ಅವನಿಗೆ ಆ ಸಂಬೋಧನೆಯಲ್ಲಿ ಗೌರವ ಕೇಳಿಸುವುದೋ ಚುಚ್ಚುವಿಕೆ ಕೇಳಿಸುವುದೋ ಹೇಳುವುದು ಕಷ್ಟ.

ಇಂಥವನು ಅರ್ಜಿ ಬರೆಯಿಸಲು ಚಾಮರಾಜನಗರಕ್ಕೆ ಬಂದನೆನ್ನೋಣ. ಹಗೆಗಳಿಗೆ ಕೊಡಲಿಯೆಂಬ ಅರ್ಥವುಳ್ಳ ಅರಿಕುಠಾರವೆಂಬ ಹೆಸರನ್ನು ಹೊತ್ತಿದ್ದ ಈ ಊರು 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಅಪ್ಪಣೆಯಿಂದ, ಅವರ ತಂದೆ ಹುಟ್ಟಿದ ಸ್ಥಳವೆಂಬ ಕಾರಣಕ್ಕೆ, ಚಾಮರಾಜನಗರವಾಯಿತು. ಊರಿಗೆ ಊರೇ ಹೆಸರು ಬದಲಿಸಿಕೊಂಡ ಕಡೆ ಒಂದು ವಿಶೇಷಣ ಬದಲಾಗುವುದು ಎಷ್ಟರ ಮಾತೆಂದು ಅವನು ಆಸೆಪಟ್ಟರೆ ತಪ್ಪೇನಿಲ್ಲ. ಆದರೆ ಅವನ ಬಾಯಿಂದ ಹೊರಟ ಕತೆ ಕಾಗದದ ಮೇಲೆ ಇಳಿಯುವಾಗ ಏನಾಗುತ್ತದೆ? ರಾಜರ ಕಾಲದ ಬಿನ್ನವತ್ತಳೆಯ ಛಾಯೆ ನಮ್ಮ ಅರ್ಜಿಗಳನ್ನು ಇನ್ನೂ ಬಿಟ್ಟಿಲ್ಲ. ಮೊದಲ ಪುಟವೆಲ್ಲ ದೈನ್ಯ. ಬಡತನ, ವೃದ್ಧ ತಾಯಿ, ಮದುವೆಗೆ ಬಂದ ಹೆಣ್ಣುಮಗಳು, ತಮ್ಮ ಕೃಪಾಕಟಾಕ್ಷ. ಎರಡನೆಯ ಪುಟದಲ್ಲಿ ದೇಶಕ್ಕಾಗಿ ಸುರಿಸಿದ ಬೆವರು. ಯಾವ ದಿನಾಂಕದಂದು ಯಾವ ಎಂಟ್ರಿ ಬಿತ್ತು, ಆಗ ಅವನು ಯಾವ ಠಾಣ್ಯದಲ್ಲಿದ್ದನು, ರಜೆಯನ್ನು ವಿಸ್ತರಿಸಿರೆಂದು ತಂತಿ ಕೊಟ್ಟಿದ್ದನೇ, ಕಳುಹಿಸುವ ಮೊದಲು ಅವನನ್ನು ಯಾರಾದರೂ ವಿಚಾರಿಸಿದರೇ ಎಂಬ ಸಂಗತಿಗಳಿಗೆ ಮೂರನೆಯ ಪುಟದ ಕೊನೆಯಲ್ಲಿಯೂ ಸ್ಥಳವಿರುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯಿಸಿದರಂತೂ, ವಕೀಲರ ಸಿದ್ಧ ಅಚ್ಚಿನೊಳಗೆ ಸುರಿದ ಬೆಲ್ಲದ ಪಾಕದಂತೆ ಹಂಗಳದವನ ಬಾಳೂ ಹರಿಯಾಣದವನ ಬಾಳೂ ಒಂದೇ ಆಕಾರದ ಅಚ್ಚುಗಳಾಗಿ ಹೊರಬೀಳುತ್ತವೆ. ಕನ್ನಡದಲ್ಲಿ ಬಾಳಿ, ಹಿಂದಿಯಲ್ಲಿ ಅಪ್ಪಣೆ ಕೇಳಿ, ಇಂಗ್ಲಿಷಿನಲ್ಲಿ ತೀರ್ಪು ಪಡೆದವನು ತನ್ನ ಮೇಲಿನ ಆರೋಪವನ್ನು ತನ್ನ ಮಾತಿನಲ್ಲಿ ಓದಿಯೇ ಇರುವುದಿಲ್ಲ.

ದಯೆಯನ್ನು ಬೇಡುವ ಅರ್ಜಿಯು ತೀರ್ಪು ಸರಿಯೆಂದು ಮೊದಲೇ ಒಪ್ಪಿಕೊಂಡ ಹಾಗೆ. ತಪ್ಪಿತಸ್ಥನಲ್ಲವೆ ದಯೆಗೆ ಪಾತ್ರನು? ಕಾನೂನಾದರೋ ಈ ಮೂವತ್ತು ನಲವತ್ತು ವರ್ಷಗಳಲ್ಲಿ ಬೇರೆಯೇ ದಾರಿಯನ್ನು ಹಿಡಿದಿದೆ. 1988ರ ಡಿಸೆಂಬರ್ 28ರಂದು ಸೇನಾ ಕೇಂದ್ರಕಛೇರಿಯೇ ಹೊರಡಿಸಿದ ಒಂದು ಸುತ್ತೋಲೆಯಲ್ಲಿ, ನಾಲ್ಕು ಎಂಟ್ರಿಗಳಾದ ಮಾತ್ರಕ್ಕೆ ಕಳುಹಿಸಲೇಬೇಕೆಂಬ ನಿರ್ಬಂಧವಿಲ್ಲ, ಮೊದಲು ಪಕ್ಷಪಾತವಿಲ್ಲದ ಒಂದು ಪ್ರಾಥಮಿಕ ವಿಚಾರಣೆ ನಡೆಯತಕ್ಕದ್ದು, ಸಿಪಾಯಿಗೆ ನೋಟೀಸು ಕೊಟ್ಟು ಅವನ ಉತ್ತರವನ್ನು ನೋಡತಕ್ಕದ್ದು, ಒಂದೊಂದು ಎಂಟ್ರಿಯೂ ಎಂಥ ಅಪರಾಧಕ್ಕೆ ಬಿದ್ದಿತೆಂಬುದನ್ನೂ ಅವನ ದೀರ್ಘ ಸೇವೆಯನ್ನೂ ಅವನು ಕಳೆದ ಕಠಿನ ಠಾಣ್ಯಗಳನ್ನೂ ತೂಗಿನೋಡತಕ್ಕದ್ದು, ಪೆನ್ಷನ್ನಿಗೆ ಸಮೀಪಿಸಿದವನ ವಿಷಯದಲ್ಲಿ ಕಠೋರತೆ ಕೂಡದು ಎಂಬ ಮಾತುಗಳಿವೆ. ಸರ್ಕಾರಿ ಗದ್ಯದಲ್ಲಿ ಇಷ್ಟು ವಿವೇಕವುಳ್ಳ ವಾಕ್ಯಗಳು ಅಪರೂಪ. ಅವನ್ನು ಬರೆದ ಕೈ ಯಾರದೋ ತಿಳಿಯದು, ಬಿಸಿಲಲ್ಲಿ ಕವಾಯತು ಮಾಡಿದ ಕೈಯೇ ಇರಬೇಕು.

ಈ ಸುತ್ತೋಲೆ ಅಲಂಕಾರಕ್ಕೆ ಬರೆದುದಲ್ಲ, ಸೈನ್ಯ ಅದನ್ನು ಪಾಲಿಸಲೇಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2015ರ ಅಕ್ಟೋಬರಿನಲ್ಲಿ ವೀರೇಂದ್ರ ಕುಮಾರ್ ದುಬೆಯವರ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಆ ತೀರ್ಪಿನ ಪರಿಹಾರಭಾಗ ಕತೆಗಾರನ ಕಲ್ಪನೆಗೆ ಒಪ್ಪುವಂಥದು: ಪೆನ್ಷನ್ನಿಗೆ ಬೇಕಾದ ವರ್ಷಗಳು ತುಂಬುವವರೆಗೂ ಆತನು ಸೇವೆಯಲ್ಲಿಯೇ ಇದ್ದನೆಂದು ಭಾವಿಸತಕ್ಕದ್ದು, ಆ ಅವಧಿಗೆ ಸಂಬಳವಿಲ್ಲ, ಪೆನ್ಷನ್ನುಂಟು. ಮನೆಯ ಜಗುಲಿಯ ಮೇಲೆ ಕಳೆದುಹೋದ ದಿನಗಳಿಗೆ ನ್ಯಾಯಾಲಯವು ಸಮವಸ್ತ್ರ ತೊಡಿಸಿತು. ಆದರೆ ಗಮನಿಸಬೇಕಾದುದೆಂದರೆ, ದುಬೆಯವರು ಒಳ್ಳೆಯ ಸಿಪಾಯಿಯೋ ಅಲ್ಲವೋ ಎಂಬ ಮೂಲಪ್ರಶ್ನೆಯನ್ನು ತೀರ್ಪು ಬಿಡಿಸುವುದಿಲ್ಲ. ವಿಚಾರಿಸದೆ ಕಳುಹಿಸಿದಿರಿ ಎಂಬಷ್ಟರಲ್ಲಿಯೇ ಅದು ನಿಲ್ಲುತ್ತದೆ. 2019ರಲ್ಲಿ ಸತ್ಗುರ್ ಸಿಂಗ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ನೋಟೀಸು ಕೊಟ್ಟು ಉತ್ತರ ಪಡೆದಿದ್ದರೆ ಆ ವಿಚಾರಣೆ ವಿಸ್ತಾರವಾಗಿರಬೇಕಾಗಿಲ್ಲವೆಂದು ಹಗ್ಗವನ್ನು ಸ್ವಲ್ಪ ಬಿಗಿಮಾಡಿತು.

ಕಾಯಿಲೆಯ ಕಾರಣದಿಂದ ಬೋರ್ಡ್ ಔಟ್ ಆದವರ ಅರ್ಜಿಗಳು ಇದಕ್ಕಿಂತ ಮೇಲಾದ ಬರೆಹಗಳೆಂದು ನನ್ನ ಅಭಿಪ್ರಾಯ. ಅಲ್ಲಿ ವಿವಾದವೆಲ್ಲ ಒಂದು ವಾಕ್ಯದ ಮೇಲೆ. ‘ಈ ರೋಗ ಸೇವೆಯಿಂದ ಉಂಟಾದುದೂ ಅಲ್ಲ, ಸೇವೆಯಿಂದ ಉಲ್ಬಣಿಸಿದುದೂ ಅಲ್ಲ’ ಎಂದು ಮೆಡಿಕಲ್ ಬೋರ್ಡು ಬರೆದರೆ ಅಂಗವೈಕಲ್ಯದ ಪೆನ್ಷನ್ ಇಲ್ಲ. ಅಪಸ್ಮಾರಕ್ಕೊಳಗಾಗಿ ಹೊರಬಿದ್ದ ಸಿಪಾಯಿ ಧರಮ್‌ವೀರ್ ಸಿಂಗ್ ಅವರಿಗೆ ಬೋರ್ಡು ಇದನ್ನೇ ಬರೆದು, ಅದು ಹುಟ್ಟಿನಿಂದ ಬಂದ ದೇಹಪ್ರಕೃತಿಯೆಂದಿತ್ತು. ಭರ್ತಿಯ ದಿನ ನೀವೇ ಪರೀಕ್ಷಿಸಿ ಆರೋಗ್ಯವಂತನೆಂದು ತೆಗೆದುಕೊಂಡಿರಲ್ಲ, ಆಗ ಕಾಣದ ರೋಗ ಈಗ ಬಂದಿದ್ದರೆ ಅದು ಸೇವೆಯದಲ್ಲವೆಂದು ಕಾರಣಸಹಿತ ತೋರಿಸುವ ಹೊಣೆ ನಿಮ್ಮದು ಎಂಬ ಅರ್ಥದಲ್ಲಿ 2013ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ವೀರಗಲ್ಲಿನ ನ್ಯಾಯವೂ ಇದೇ: ಸಂಗತಿಯಿಲ್ಲದ ವಿಶೇಷಣಕ್ಕೆ ಬೆಲೆಯಿಲ್ಲ.

ಅಮೆರಿಕದಲ್ಲಿ ಬಿಡುಗಡೆಯ ವಿಶೇಷಣವನ್ನು ತಿದ್ದಿಸಿಕೊಳ್ಳಲೆಂದೇ ಒಂದು ಬಾಗಿಲುಂಟು. ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ, 1944ರ ಕಾನೂನಿನಿಂದ, ಬಿಡುಗಡೆಯ ದರ್ಜೆಯನ್ನು ಮರುಪರಿಶೀಲಿಸುವ ಮಂಡಲಿಗಳು ಏರ್ಪಟ್ಟವು. 15 ವರ್ಷಗಳೊಳಗೆ ಮಾಜಿ ಸೈನಿಕನು ಒಂದು ನಮೂನೆಯನ್ನು ತುಂಬಿ ತನ್ನ ದರ್ಜೆಯನ್ನು ಏರಿಸಿರೆಂದು ಕೇಳಬಹುದು. ವಿಯೆಟ್ನಾಮಿನಿಂದ ಮನಸ್ಸು ಒಡೆದು ಬಂದವರ ದುರ್ನಡತೆಯೆಷ್ಟು, ರೋಗವೆಷ್ಟು ಎಂಬುದನ್ನು ಉದಾರದೃಷ್ಟಿಯಿಂದ ನೋಡಬೇಕೆಂದು ಅಲ್ಲಿನ ರಕ್ಷಣಾ ಕಾರ್ಯದರ್ಶಿ ಹೇಗಲ್ 2014ರಲ್ಲಿ ನಿರ್ದೇಶವಿತ್ತರು. ಆ ಯುದ್ಧ ಮುಗಿದು ಆಗಲೇ 39 ವರ್ಷವಾಗಿತ್ತೆಂಬುದನ್ನು ನೆನೆದರೆ ಹೊಗಳುವ ಉತ್ಸಾಹ ತಗ್ಗುತ್ತದೆ. ಆದರೂ ಅಲ್ಲಿ ಕೇಳುವುದು ವಿಶೇಷಣವನ್ನೇ. ನಮ್ಮಲ್ಲಿ ವಿಶೇಷಣಕ್ಕಾಗಿ ಬೇರೆ ಮಂಡಲಿಯಿಲ್ಲ. ಸೇನಾ ಮುಖ್ಯಸ್ಥರಿಗೆ ಮನವಿ, ಅದು ಫಲಿಸದಿದ್ದರೆ ವ್ಯಾಜ್ಯ.

ಆ ವ್ಯಾಜ್ಯದ ದಾರಿಯನ್ನು ಅಕ್ಷರಶಃ ನೋಡಬೇಕು. 2007ರ ಅಧಿನಿಯಮದಿಂದ ಹುಟ್ಟಿ 2009ರಲ್ಲಿ ಕೆಲಸ ಮೊದಲಿಟ್ಟ ಸಶಸ್ತ್ರ ಪಡೆಗಳ ನ್ಯಾಯಮಂಡಲಿಯಲ್ಲಿ ಕರ್ನಾಟಕವು ಕೊಚ್ಚಿಯ ಪೀಠದ ವ್ಯಾಪ್ತಿಗೆ ಸೇರಿದೆ. ಅಂತಿಮ ಆಜ್ಞೆಯಿಂದ ಆರು ತಿಂಗಳೊಳಗೆ ಅಲ್ಲಿಗೆ ಹೋಗತಕ್ಕದ್ದು, ತಡವಾದರೆ ಕಾರಣ ತೋರಿಸತಕ್ಕದ್ದು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಮೇಲೆ ಕಲ್ಲಿಕೋಟೆಗೆ ಇಳಿಯುವ 766ನೆಯ ರಾಷ್ಟ್ರೀಯ ಹೆದ್ದಾರಿಯು ಬಂಡೀಪುರದ ಕಾಡನ್ನು ಹಾಯುವುದರಿಂದ, 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಕೆಲವೇ ಬಸ್ಸುಗಳನ್ನೂ ಆಂಬುಲೆನ್ಸನ್ನೂ ಬಿಟ್ಟರೆ, ಮುಚ್ಚಿರುತ್ತದೆ. ಆನೆ ಜಿಂಕೆಗಳಿಗೆ ರಾತ್ರಿಯನ್ನು ಬಿಟ್ಟುಕೊಟ್ಟುದು ಸರಿಯಾದ ಕೆಲಸವೆಂದೇ ನನ್ನ ಮತ; ಆದರೂ, ನ್ಯಾಯಮಂಡಲಿ ಬಾಗಿಲು ತೆರೆದ ವರ್ಷವೇ ಅದರ ಕಡೆಗೆ ಹೋಗುವ ದಾರಿಯ ರಾತ್ರಿಬಾಗಿಲು ಮುಚ್ಚಿದ್ದನ್ನು ಗಮನಿಸದಿರಲಾರೆ. ನ್ಯಾಯಮಂಡಲಿಯ ತೀರ್ಪಿನ ಮೇಲೆ ಉಚ್ಚ ನ್ಯಾಯಾಲಯಕ್ಕೆ ಹೋಗಕೂಡದೆಂದು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. 2023ರ ಮಾರ್ಚಿನಲ್ಲಿ ಪರಶೋತಮ್ ದಾಸ್ ಮೊಕದ್ದಮೆಯಲ್ಲಿ ಹೋಗಬಹುದೆಂದಿತು. ನಡುವಣ ವರ್ಷಗಳಲ್ಲಿ ಸೋತವನಿಗೆ ಬಹುಮಟ್ಟಿಗೆ ಉಳಿದಿದ್ದ ಮುಂದಿನ ಊರು ದೆಹಲಿ.

ಸೈನ್ಯದ ಪಕ್ಷಕ್ಕೂ ತೂಕವಿದೆ. ರಜೆ ಮೀರಿ ಒಬ್ಬನು ಉಳಿದನೆಂದರೆ ಹಿಮದ ಠಾಣ್ಯದಲ್ಲಿ ಇನ್ನೊಬ್ಬನು ಅವನ ಪಾಳಿಯನ್ನೂ ಕಾಯುತ್ತಾನೆ. ಆ ಇನ್ನೊಬ್ಬನ ಅರ್ಜಿ ಯಾವ ನ್ಯಾಯಮಂಡಲಿಯ ಮುಂದೆಯೂ ಬರುವುದಿಲ್ಲ. ಕಣ್ಣೆದುರಿಗೆ ಮನುಷ್ಯನನ್ನು ಕಂಡು ಕಮಾಂಡಿಂಗ್ ಆಫೀಸರನು ಕೊಟ್ಟ ಅಭಿಪ್ರಾಯವನ್ನು ಇಪ್ಪತ್ತು ವರ್ಷಗಳ ಮೇಲೆ ಕರುಣೆಯ ಬಲದಿಂದ ಅಳಿಸಿದರೆ, ‘ಆದರ್ಶಪ್ರಾಯ’ವೆಂದು ಬರೆಯಿಸಿಕೊಂಡು ಬಂದವನ ಪುಸ್ತಕವೂ ಅಗ್ಗವಾಗುತ್ತದೆ. ನಮ್ಮ ಹಂಗಳದವನ ನಾಲ್ಕನೆಯ ಎಂಟ್ರಿಯನ್ನು ಅಳಿಸಿರೆಂದು ನಾನಾದರೂ ಹೇಳೆನು.

ಅವನಿಗೊಂದು ಅರ್ಜಿಯನ್ನು ಬರೆದುಕೊಡೆಂದರೆ ಒಂದೇ ಪುಟದಲ್ಲಿ ಬರೆದೇನು. ನಾಲ್ಕು ದಿನಾಂಕ, ನಾಲ್ಕು ಠಾಣ್ಯ, ನಾಲ್ಕು ಕಾರಣ, ಕುಡಿತವೂ ಸೇರಿ. ಆಮೇಲೆ ಒಂದು ಕೋರಿಕೆ: ನನ್ನನ್ನು ಕಳುಹಿಸುವ ಮುಂಚೆ 1988ರ ಸುತ್ತೋಲೆಯಂತೆ ನಡೆದ ವಿಚಾರಣೆಯ ಕಾಗದದ ನಕಲನ್ನು ದಯಪಾಲಿಸಬೇಕು. ತಾಯಿಯ ಪ್ರಸ್ತಾಪವಿಲ್ಲ, ದೇಶದ ಪ್ರಸ್ತಾಪವಿಲ್ಲ. ಇದನ್ನು ಬೇಗನೆ ಬರೆಯಬೇಕು ಎಂಬುದೊಂದೇ ತೊಡಕು. ಪೆನ್ಷನ್ ಇಲ್ಲದೆ ಹೋದವನ ಸೇವಾ ಕಡತವನ್ನು 25 ವರ್ಷ ಕಾದಿಟ್ಟು ಆಮೇಲೆ ನಾಶಮಾಡುವುದು ಸೈನ್ಯದ ದಾಖಲೆ ಕಛೇರಿಗಳ ನಿಯಮ. ಕೆಂಪು ಶಾಯಿಯ ಹಾಳೆ, ನೋಟೀಸು, ಅವನು ಬರೆದ ಉತ್ತರ, ಎಲ್ಲವೂ ಬೂದಿಯಾಗಿ, ಲಾಂಗ್ ರೋಲ್ ಎಂಬ ದೊಡ್ಡ ಪುಸ್ತಕದಲ್ಲಿ ಒಂದು ಸಾಲು ಮಾತ್ರ ಉಳಿಯುತ್ತದೆ. ಇತ್ತ ಊರಿನಲ್ಲಿ, ಬಿಳಿಯ ಬಣ್ಣದಲ್ಲಿ ನಂಬರು ಬರೆದ ತಗಡಿನ ಕಪ್ಪು ಪೆಟ್ಟಿಗೆಯೊಳಗೆ, ರೇಷನ್ ಕಾರ್ಡು ಪಹಣಿಗಳ ಕೆಳಗೆ, ಆ ವಿಶೇಷಣವನ್ನು ಹೊತ್ತ ಪುಸ್ತಕ ಹಾಗೆಯೇ ಇರುತ್ತದೆ.